ಹಿಂದಿನ ಕೋಣೆಯ ಕುಕ್ಕರ್

ಕರೆಂಟ್ ಕುಕ್ಕರ್ ಮನೆಗೆ ಬಂದ ದಿನ ದಾರದಕ್ಕನ ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒದ್ದೆ ಕೈ ಒರೆಸಿಕೊಳ್ಳುತ್ತ, ದಾರದಕ್ಕ ಬಟ್ಟೆಚೀಲದಿಂದ ರಟ್ಟಿನ ಪೆಟ್ಟಿಗೆ ತೆಗೆದದ್ದನ್ನು ನೋಡಿದಳು. ಪೆಟ್ಟಿಗೆಯ ಮೇಲೆ ಅನ್ನದ ತಟ್ಟೆ ಹಿಡಿದು ನಗುವ ಹೆಂಗಸಿನ ಚಿತ್ರವಿದ್ದುದನ್ನೂ ನೋಡಿದಳು. ಆ ಪೆಟ್ಟಿಗೆ ಅಡುಗೆಮನೆಯತ್ತ ಬಾರದೆ ನೇರವಾಗಿ ಹಿಂದಿನ ಕೋಣೆಗೆ ಹೋದದ್ದನ್ನಂತೂ ಕಣ್ಣಿಟ್ಟೇ ನೋಡಿದಳು. ಆಮೇಲೆ ಒಳಗೆ ಹೋಗಿ ಪಾತ್ರೆಗಳನ್ನು ಮಾಮೂಲಿಗಿಂತ ತುಸು ಜೋರಾಗಿ ಜೋಡಿಸತೊಡಗಿದಳು.

ಅಂಗಡಿಯಲ್ಲಿದ್ದ ಕುಕ್ಕರುಗಳಲ್ಲೆಲ್ಲ ಅದೇ ಚಿಕ್ಕದು, ಅದೇ ಅಗ್ಗದ್ದು. ಬಿಳಿ ಬಣ್ಣದ ತಗಡಿನ ಮೈ, ಗಾಜಿನ ಮುಚ್ಚಳ, ಒಳಗೆ ಕಪ್ಪು ಲೇಪದ ಪಾತ್ರೆ, ಮುಂದೆ ಒಂದೇ ಒಂದು ಗುಂಡಿ. ಗುಂಡಿ ಕೆಳಗಿದ್ದರೆ ಬೇಯುತ್ತಿದೆ. ಟಕ್ಕೆಂದು ಮೇಲೆ ಹಾರಿದರೆ ಬೆಂದಿದೆ. ಇದಕ್ಕಿಂತ ಹೆಚ್ಚು ವಿದ್ಯೆ ಅದಕ್ಕೆ ಬಾರದು. ವೈರು ಎಷ್ಟು ಗಿಡ್ಡವೆಂದರೆ ಪ್ಲಗ್ ಇರುವ ಕಡೆಗೆ ಕುಕ್ಕರೇ ನಡೆದು ಹೋಗಬೇಕು. ಅಂಗಡಿಯವನು ಅದನ್ನು ಕೆಳಗಿಳಿಸುವಾಗಲೇ ಅನುಮಾನಪಟ್ಟಿದ್ದ. "ಇದು ಒಬ್ಬರಿಗೆ ಆಗೋ ಅಂಥದ್ದು ಕಣಮ್ಮ. ಮನೇಲಿ ಎಷ್ಟು ಜನ?"

"ಒಬ್ಬರಿಗೇ ಬೇಕಿರೋದು" ಎಂದಿದ್ದಳು ದಾರದಕ್ಕ.

ಮನೆಯಲ್ಲಿದ್ದದ್ದು ಮೂವರು: ಅವಳು, ತಮ್ಮ, ತಮ್ಮನ ಹೆಂಡತಿ. ತಮ್ಮನ ಮಗಳು ಮದುವೆಯಾಗಿ ಹೋಗಿದ್ದಳು. ಅಪ್ಪ ಕಟ್ಟಿಸಿದ ಆ ಉದ್ದನೆಯ ಮನೆಯಲ್ಲಿ ಮುಂದಿನ ಕೋಣೆ ತಮ್ಮನದು, ನಡುವೆ ಊಟದ ಮೇಜು ಮತ್ತು ಅಡುಗೆಮನೆ, ಓಡಾಡಲು ಬಿಟ್ಟ ಒಂದು ಕಿರಿದಾದ ನಡೆ ದಾಟಿದರೆ ಹಿಂದಿನ ಕೋಣೆ ದಾರದಕ್ಕನದು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ಬಂದವಳು ಆ ಕೋಣೆಯಲ್ಲೇ ತಲೆ ನೆರೆಸಿಕೊಂಡಿದ್ದಳು. ಇಷ್ಟು ವರ್ಷ ಮೂವರೂ ಒಂದೇ ಪಾತ್ರೆಯ ಅನ್ನ ಉಂಡಿದ್ದರು. ಹಾಗಿರುವಾಗ ಒಬ್ಬರಿಗೆ ಸಾಕಾಗುವ ಕುಕ್ಕರ್ ಯಾಕೆ ಬಂತು ಎಂದು ತಿಳಿಯಬೇಕಾದರೆ ದಾರದಿಂದಲೇ ಶುರುಮಾಡಬೇಕು.

ದಾರದಕ್ಕ ಎಂಬುದು ಕೆಲಸದ ಜಾಗದಲ್ಲಿ ಬಿದ್ದ ಹೆಸರು. ಒಂದು ಮುದ್ರಣಾಲಯದ ಹಿಂಬದಿಯಲ್ಲಿ, ಎತ್ತರದ ಕಿಟಕಿಗಳಿರುವ ಬೈಂಡಿಂಗ್ ಕೋಣೆಯಲ್ಲಿ ಅವಳ ಕೆಲಸ. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ, ಮಡಿಕೆಯ ಮೇಲೆ ಮೂಳೆಯ ಪಟ್ಟಿ ಎಳೆದು ಚಪ್ಪಟೆ ಮಾಡಿ, ಮಡಿಕೆಗಳನ್ನು ಒಂದರ ಮೇಲೊಂದು ಪೇರಿಸಿ ಸೂಜಿದಾರದಿಂದ ಹೊಲಿಯುತ್ತಾಳೆ. ಹೊಲಿದದ್ದರ ಬೆನ್ನಿಗೆ ಅಂಟು ಹಚ್ಚಿ ರಟ್ಟು ಕೂರಿಸುವವನು ಎದುರು ಮೇಜಿನವನು, ಅವನು ಅಂಟಣ್ಣ. ಈ ಹೆಸರುಗಳನ್ನು ಯಾರು ಇಟ್ಟರೋ ಯಾರಿಗೂ ನೆನಪಿಲ್ಲ. ಸಂಬಳದ ದಿನ ಯಜಮಾನನೂ ಹಾಗೆಯೇ ಕೂಗುತ್ತಾನೆ.

ಹೊಲಿಯುವವರಿಗೆ ಒಂದು ಚಾಳಿ ಇರುತ್ತದೆ. ಕೊನೆಯ ಗಂಟು ಬಿಗಿಯುವಾಗ ಎಡಗೈ ಪುಸ್ತಕವನ್ನು ಅದುಮಿ ಹಿಡಿದಿರುತ್ತದೆ, ಬಲಗೈ ದಾರವನ್ನು ಎಳೆದು ಹಿಡಿದಿರುತ್ತದೆ. ಕತ್ತರಿ ಎತ್ತಿಕೊಳ್ಳಲು ಯಾವ ಕೈ ಬಿಟ್ಟರೂ ಹೊಲಿಗೆ ಸಡಿಲವಾಗುತ್ತದೆ. ಹಾಗಾಗಿ ತಲೆ ಬಗ್ಗುತ್ತದೆ, ದಾರ ಬಾಯಿಗೆ ಹೋಗುತ್ತದೆ, ಕಟ್ಟೆಂದು ತುಂಡಾಗುತ್ತದೆ. ದಾರದಕ್ಕನ ಮುಂದಿನ ಹಲ್ಲಿನಲ್ಲಿ ದಾರ ಕೂರುವಷ್ಟು ಗೆರೆ ಬಿದ್ದಿತ್ತು. ಆಮೇಲೆ ಆ ಹಲ್ಲು ಅಲುಗಿತು, ಪಕ್ಕದ್ದು ಹುಳುಕಾಯಿತು, ಒಸಡು ಬಾತುಕೊಂಡಿತು. ಕೊನೆಗೆ ದಂತವೈದ್ಯರು ಮೇಲಿನ ಸಾಲನ್ನೆಲ್ಲ ಕಿತ್ತು ಹಾಕಿದರು.

ಹಲ್ಲಿನ ಸೆಟ್ ಮಾಡಿಸಿಕೊಟ್ಟವನು ತಮ್ಮ. ಅವನು ನೀರಿನ ಮೀಟರ್ ಓದುವವನು. ಬೀದಿ ಬೀದಿ ತಿರುಗಿ, ಮನೆಮನೆಯ ಮುಂದೆ ಬಗ್ಗಿ, ಗಾಜು ಒರೆಸಿ ಅಂಕಿ ಬರೆದುಕೊಳ್ಳುವ ಕೆಲಸ. ಮಾತು ಕಡಿಮೆ, ಮರ್ಯಾದೆಗೆ ಅಂಜುವ ಜೀವ. ರಜೆ ಹಾಕಿ ಅಕ್ಕನ ಜೊತೆ ದವಾಖಾನೆಯಲ್ಲಿ ಕೂತ. ಎರಡು ಬಗೆಯ ಸೆಟ್ ತೋರಿಸಿದಾಗ ಅಕ್ಕ ಬಾಯಿ ತೆರೆಯುವ ಮೊದಲೇ ಒಳ್ಳೆಯದರ ಕಡೆ ಬೆರಳು ತೋರಿಸಿದ. ವೈದ್ಯರಿಗೆ ತಾನಾಗಿ ಹೇಳಿದ: "ಇವಳ ಕೆಲಸ ದಾರದ್ದು ಡಾಕ್ಟ್ರೇ. ಸ್ವಲ್ಪ ಹೇಳಿ."

ವೈದ್ಯರು ಹೇಳಿದರು. "ಗಟ್ಟಿ ಪದಾರ್ಥ ಬೇಡ. ಮುಂದಿನ ಹಲ್ಲಲ್ಲಿ ಕಚ್ಚೋದು ಬೇಡ. ದಾರ ಅಂತೂ ಬೇಡವೇ ಬೇಡ."

"ಛೆ, ಇಲ್ಲ ಡಾಕ್ಟ್ರೇ" ಎಂದಿದ್ದಳು ಅವಳು.

ಸೆಟ್ ಕೂತ ದಿನ ತಮ್ಮ ಅವಳನ್ನು ಬಳಸುದಾರಿಯಲ್ಲಿ ಮನೆಗೆ ಕರೆತಂದ. ತರಕಾರಿಯವನ ಮುಂದೆ ನಿಲ್ಲಿಸಿದ, ಚಪ್ಪಲಿ ಹೊಲಿಯುವವನ ಮುಂದೆ ನಿಲ್ಲಿಸಿದ. "ನಗು ಅಕ್ಕ. ಯಾಕೆ ಬಾಯಿ ಮುಚ್ಕೊಂಡಿದ್ದೀಯ? ಮುಚ್ಚಿಡೋಕೆ ಮಾಡಿಸಿದ್ದಾ ಅದು?" ಅವಳು ನಕ್ಕಳು. ತರಕಾರಿಯವನು ತಕ್ಕಡಿ ಕೆಳಗಿಟ್ಟು, "ಮದುವೆ ಹೆಣ್ಣಿನ ಹಾಗೆ ಕಾಣ್ತೀರಲ್ಲಕ್ಕ" ಎಂದ. ತಮ್ಮ ಆವತ್ತು ಬೇಕಿಲ್ಲದಿದ್ದರೂ ಎಲೆಕೋಸು ಕೊಂಡ.

ಸೆಟ್ ಬಂದು ಕೆಲವು ತಿಂಗಳಾಗಿತ್ತು. ಬೈಂಡಿಂಗ್ ಕೋಣೆಗೆ ದಪ್ಪ ರಿಜಿಸ್ಟರುಗಳ ಅವಸರದ ಕೆಲಸ ಬಂತು. ದಪ್ಪ ಪುಸ್ತಕಕ್ಕೆ ಮೇಣ ಸವರಿದ ದಪ್ಪ ದಾರ. ಕತ್ತರಿ ಮೇಜಿನ ಮೇಲೆ, ಕಣ್ಣೆದುರಿಗೇ ಇತ್ತು. ದಾರದಕ್ಕ ಎಷ್ಟೋ ದಿನದಿಂದ ಕತ್ತರಿಯನ್ನೇ ಬಳಸುತ್ತಿದ್ದಳು ಕೂಡ. ಆದರೆ ಅವಸರ ಬಂದಾಗ ಕೈಗೆ ಹಳೆಯದೇ ನೆನಪಾಗುತ್ತದೆ. ತಲೆ ಬಗ್ಗಿತು, ದಾರ ಬಾಯಿಗೆ ಹೋಯಿತು, ಕಟ್ಟೆಂದಿತು. ದಾರ ಹಾಗೆಯೇ ಇತ್ತು. ತುಂಡಾದದ್ದು ಸೆಟ್ಟು, ಅಂಗುಳಿನ ನಡುವೆ ನೆಟ್ಟಗೆ ಎರಡು ಹೋಳು.

ಅವಳು ಗೋಡೆಯ ಕಡೆ ತಿರುಗಿ ಕೂತಳು.

"ಏನಾಯ್ತು ದಾರದಕ್ಕ? ಸೂಜಿ ಚುಚ್ತಾ?" ಅಂಟಣ್ಣ ಕೇಳಿದ.

ತಲೆಯಾಡಿಸಿದಳು. ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಕರವಸ್ತ್ರ ಬಿಚ್ಚಿ ಅವನ ಮೇಜಿನ ಮೇಲಿಟ್ಟಳು. ಅಂಟಣ್ಣ ಕನ್ನಡಕ ಹಣೆಗೇರಿಸಿ ನೋಡಿದ. ಆಮೇಲೆ ಕನ್ನಡಕ ಇಳಿಸಿಯೂ ನೋಡಿದ.

"ಅಂಟಿಸು" ಎಂದಳು ಅವಳು, ತುಟಿ ಮಡಚಿಕೊಂಡೇ.

"ನೋಡಕ್ಕ, ನನ್ನ ಹತ್ರ ಇರೋದು ಪುಸ್ತಕದ ಬೆನ್ನಿಗೆ ಹಾಕೋ ಅಂಟು. ಬಾಯಿ ಬೈಂಡ್ ಮಾಡಿ ನನಗೆ ಅನುಭವ ಇಲ್ಲ."

"ಅಂಟಿಸು ಅಂದ್ರೆ ಅಂಟಿಸಪ್ಪ."

ಅವನು ಅಂಟಿಸಿದ. ಇರುವುದರಲ್ಲಿ ಬೇಗ ಹಿಡಿಯುವ ಅಂಟು ಹಚ್ಚಿ, ಹೋಳು ಕೂಡಿಸಿ, ಸುತ್ತ ದಾರ ಸುತ್ತಿ ಒಣಗಲು ಬಿಟ್ಟ. ಕೆಲಸ ಅಚ್ಚುಕಟ್ಟಾಗಿತ್ತು, ನಡುವೆ ಹಳದಿ ಗೆರೆಯೊಂದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೊಡುವಾಗ ಎಚ್ಚರಿಕೆ ಹೇಳಿದ: "ಮಾತಾಡಬಹುದು. ನಗಬಹುದು. ಅಗಿಯೋಕೆ ಮಾತ್ರ ಹೋಗಬೇಡ, ಊಟಕ್ಕೆ ಮುಂಚೆ ತೆಗೆದಿಡು. ಮತ್ತೆ ಬೇಗ ಡಾಕ್ಟ್ರ ಹತ್ರ ಹೋಗು."

ಡಾಕ್ಟರ ಹತ್ತಿರ ಹೋಗುವುದು ಸುಲಭವಿರಲಿಲ್ಲ. ಅಲ್ಲಿ ಮುಂದಿನ ಮೇಜಿನಲ್ಲಿ ಚೀಟಿ ಕೊಡುವವಳು ತಮ್ಮನ ಜೊತೆ ಮೀಟರ್ ಓದುವವನ ಹೆಂಡತಿ. ದಾರದಕ್ಕ ಮೆಟ್ಟಿಲು ಇಳಿಯುವಷ್ಟರಲ್ಲಿ ಸುದ್ದಿ ಮನೆ ಮುಟ್ಟುತ್ತಿತ್ತು. ಮುಟ್ಟಿದರೆ ತಮ್ಮ ಏನು ಮಾಡುತ್ತಾನೆಂಬುದು ದಾರದಕ್ಕನಿಗೆ ಗೊತ್ತಿತ್ತು. ಬೈಯುವವನಾಗಿದ್ದರೆ ಹೇಳಿಬಿಡುತ್ತಿದ್ದಳು. ಅವನು ಬೈಯುವವನಲ್ಲ, ಒಂದೂ ಮಾತಾಡದೆ ಇನ್ನೊಂದು ಸೆಟ್ ಮಾಡಿಸುವವನು. ಅದನ್ನು ತಾಳಿಕೊಳ್ಳುವುದು ಅವಳಿಗೆ ಆಗದ ಮಾತು.

ಇನ್ನು ಉಳಿದದ್ದು ಊಟದ ಮೇಜು. ತಮ್ಮನಿಗೆ ಅನ್ನ ಉದುರುದುರಾಗಿ, ಅಗುಳಿಗೆ ಅಗುಳು ಸೋಕದ ಹಾಗಿರಬೇಕು. ಹೆಂಡತಿಗೆ ಅದು ಕೈಬಂದ ವಿದ್ಯೆ. ಅಂಥ ಅನ್ನವನ್ನು ಅಂಟಿಸಿದ ಹಲ್ಲಿನಿಂದ ಅಗಿಯುವಂತಿಲ್ಲ, ಹಲ್ಲು ತೆಗೆದಿಟ್ಟು ಅವರೆದುರು ಕೂರುವಂತಿಲ್ಲ. ಮೊದಮೊದಲು ದಾರದಕ್ಕ ಅಗುಳುಗಳನ್ನು ಮಾತ್ರೆಯಂತೆ ನುಂಗಿದಳು. ಹೊಟ್ಟೆ ಹಿಡಿದುಕೊಂಡಿತು. ಅನ್ನ ಮೆತ್ತಗೆ ಮಾಡು ಎಂದರೆ, ಯಾಕೆ ಎಂದು ಕೇಳುತ್ತಾರೆ. ಹೊಸ ಹಲ್ಲಿದೆಯಲ್ಲ ಎನ್ನುತ್ತಾರೆ. ಹೀಗೆ ಕುಕ್ಕರ್ ಬಂತು.

ಕೋಣೆಯಲ್ಲಿ ಪ್ಲಗ್ ಇದ್ದದ್ದು ಟ್ರಂಕಿನ ಪಕ್ಕದ ಗೋಡೆಯಲ್ಲಿ. ಟ್ರಂಕಿನ ಮೇಲೆ ಕುಕ್ಕರ್ ಕೂತಿತು. ಮೊದಲ ದಿನವೇ ಅದರ ಗುಣ ತಿಳಿಯಿತು. ಮೆತ್ತಗಾಗಲೆಂದು ನೀರು ಹೆಚ್ಚು ಹಾಕಿದರೆ ಮುಚ್ಚಳದ ತೂತಿನಿಂದ ನೊರೆ ಉಕ್ಕಿ ಟ್ರಂಕೆಲ್ಲ ಗಂಜಿ. ಅದಕ್ಕಾಗಿ ಬೈಂಡಿಂಗ್ ಕೋಣೆಯಿಂದ ಹಾಳಾದ ಅಚ್ಚಿನ ಹಾಳೆ ತಂದು ಕೆಳಗೆ ಹಾಸಿದಳು. ಆಮೇಲೆ ಉಪಾಯ ಸಿಕ್ಕಿತು: ಮೊದಲು ಸಾಧಾರಣ ನೀರು, ಗುಂಡಿ ಟಕ್ಕೆಂದ ಮೇಲೆ ಮತ್ತಷ್ಟು ಬಿಸಿನೀರು ಸುರಿದು ಗುಂಡಿಯನ್ನು ಮತ್ತೆ ಒತ್ತುವುದು. ಆದರೆ ಕಾದಿದ್ದಾಗ ಗುಂಡಿ ನಿಲ್ಲುವುದಿಲ್ಲ. ಎಷ್ಟು ಒತ್ತಿದರೂ ಟಕ್, ಟಕ್ ಎಂದು ಮೇಲೆ ಹಾರುತ್ತದೆ. ತಳ ತುಸು ತಣಿಯುವವರೆಗೆ ಕಾಯಬೇಕು. ಅವಳು ಹಾಸಿಗೆಯ ಅಂಚಿನಲ್ಲಿ ಕೂತು, ಗಂಜಿ ಬಿದ್ದ ಹಾಳೆಯಲ್ಲಿ ಓದಲು ಬರುವಷ್ಟನ್ನು ಓದುತ್ತ ಕಾಯುತ್ತಿದ್ದಳು. ಎರಡನೆಯ ಸಲ ಬೆಂದ ಅನ್ನ ಬೆಣ್ಣೆಯಂತಿರುತ್ತಿತ್ತು. ಬಾಗಿಲು ಹಾಕಿ, ಸೆಟ್ ತೆಗೆದು ಲೋಟದ ನೀರಿನಲ್ಲಿಟ್ಟು, ಹಾಲು ಕಲಸಿಕೊಂಡು ನಿಧಾನವಾಗಿ ಉಣ್ಣುತ್ತಿದ್ದಳು. ಹೊಟ್ಟೆನೋವು ಹೋಯಿತು.

ಅವಳಿಗೆ ಹೊಳೆಯದೇ ಇದ್ದದ್ದೆಂದರೆ, ಆ ಟಕ್ ಎಂಬ ಸದ್ದು ನಡೆ ದಾಟಿ ಊಟದ ಮೇಜಿನವರೆಗೆ ಕೇಳಿಸುತ್ತದೆ ಎಂಬುದು.

"ಆಯ್ತು ನೋಡಿ ಅವರದ್ದು" ಎನ್ನುತ್ತಿದ್ದಳು ತಮ್ಮನ ಹೆಂಡತಿ, ಗಂಡನ ತಟ್ಟೆಗೆ ಬಡಿಸುತ್ತ. "ನನ್ನ ಕೈ ಅನ್ನ ಬೇಡವಾಯ್ತು. ಬಾಯಿಬಿಟ್ಟು ಹೇಳಿದ್ರೆ ಆಗ್ತಿತ್ತು."

ತಮ್ಮ ಕೆಲವು ದಿನ ಕೇಳಿಸದವನಂತಿದ್ದ. ಆಮೇಲೆ ಒಂದು ಬೆಳಗ್ಗೆ ಕೆಲಸಕ್ಕೆ ಹೊರಟ ಅಕ್ಕನನ್ನು ಬಾಗಿಲಲ್ಲಿ ತಡೆದ.

"ಕರೆಂಟ್ ಒಲೆ ತಂದಿದ್ದೀಯಂತೆ."

"ಒಲೆ ಅಲ್ವೋ. ಕುಕ್ಕರ್."

"ಅನ್ನ ಬೇಯತ್ತಾ?"

"ಬೇಯತ್ತೆ."

"ಹಂಗಾದ್ರೆ ಒಲೆನೇ." ಅವನು ಚಪ್ಪಲಿಯ ಕಡೆ ನೋಡುತ್ತ ಹೇಳಿದ. "ಒಂದು ಮನೇಲಿ ಒಲೆ ಎರಡಾಯ್ತು ಅಂದ್ರೆ ಏನರ್ಥ ಅಂತ ನಿಂಗೆ ನಾನು ಹೇಳಬೇಕಾ? ಅವಳೇನಾದ್ರೂ ಅಂದ್ಲಾ?"

"ಇಲ್ಲಪ್ಪ, ಪಾಪ."

"ನಾನು ಅಂದ್ನಾ?"

"ಇಲ್ವೋ. ನಂಗೆ ಕೆಲಸದಿಂದ ಬರೋದು ತಡ ಆಗತ್ತೆ. ನೀವ್ಯಾಕೆ ಕಾಯಬೇಕು ಅಂತ."

"ಇಷ್ಟು ವರ್ಷ ಕಾಯ್ಲಿಲ್ವಾ?"

ಅವಳ ಬಾಯಿಯೊಳಗೆ ಸೆಟ್ ತುಸು ಕದಲಿದಂತಾಗಿ ತುಟಿ ಬಿಗಿದುಕೊಂಡಳು. ತಮ್ಮನಿಗೆ ಅದು ಹಟದಂತೆ ಕಂಡಿತು.

ಆ ಭಾನುವಾರ ದಾರದಕ್ಕ ಬಾಗಿಲು ತೆಗೆದಾಗ ಹೊಸ್ತಿಲ ಆಚೆ ಒಂದು ಅಕ್ಕಿ ಚೀಲ, ಬೇಳೆಯ ಪೊಟ್ಟಣ, ಎಣ್ಣೆ ಬಾಟಲಿ, ಉಪ್ಪು ಸಾಲಾಗಿ ಇದ್ದವು. ತಿಂಗಳ ಸಾಮಾನಿನಲ್ಲಿ ಅವಳ ಪಾಲು. ಸಿಟ್ಟಿನಿಂದ ಒಗೆದದ್ದಲ್ಲ, ಒಂದಕ್ಕೊಂದು ತಾಗದಂತೆ ನೀಟಾಗಿ ಜೋಡಿಸಿ ಇಟ್ಟದ್ದು. ಅವಳು ಒಂದೊಂದಾಗಿ ಎತ್ತಿ ಒಳಗಿಟ್ಟಳು. ಒಗೆದಿದ್ದರೆ ಜಗಳವಾಡಬಹುದಿತ್ತು.

ಅಲ್ಲಿಂದ ಸಂಗತಿಗಳು ತಮ್ಮಷ್ಟಕ್ಕೆ ನಡೆದವು. ಬೇರೆ ಆಗುವುದಾದರೆ ಅಚ್ಚುಕಟ್ಟಾಗಿ ಆಗಲಿ, ನಾಲ್ಕು ಜನ ಆಡಿಕೊಳ್ಳುವಂತೆ ಬೇಡ ಎಂಬುದು ತಮ್ಮನ ಲೆಕ್ಕ. ನಡೆಗೆ ಅಡ್ಡಲಾಗಿ ಒಂದು ಗೋಡೆ, ಹಿಂದಿನ ಕೋಣೆಗೆ ಪಕ್ಕದ ಓಣಿಯಿಂದ ಬೇರೆ ಬಾಗಿಲು. ಗಾರೆಯವನು ಬಂದು ಟೇಪು ಹಿಡಿದು ಅಳೆದ. ನಡೆಯ ನೆಲದ ಮೇಲೆ ಬಿಳಿ ಸೀಮೆಸುಣ್ಣದ ಗೆರೆ ಎಳೆದು ಹೋದ. ದಾರದಕ್ಕ ಸ್ನಾನಕ್ಕೆ ಹೋಗುವಾಗ ಬರುವಾಗ ಆ ಗೆರೆಯನ್ನು ತುಳಿಯದೆ ದಾಟತೊಡಗಿದಳು.

"ಹೇಳಿ ಮುಗಿಸಬಾರದಾ?" ಅಂಟಣ್ಣ ಕೇಳಿದ. "ಒಂದೆಳೆ ದಾರಕ್ಕೆ ಮನೆ ನಡುವೆ ಗೋಡೆ ಏಳ್ತಿದೆಯಲ್ಲ."

"ಹೇಳಬಹುದಿತ್ತು. ಆವತ್ತೇ ಹೇಳಿದ್ರೆ. ಈಗ ಹೇಳಿದ್ರೆ, ಇದಕ್ಕಾ ಇಷ್ಟೆಲ್ಲ ಅಂತಾರೆ."

"ಅನ್ನಲಿ ಬಿಡು. ಗೋಡೆ ಎದ್ದ ಮೇಲೆ ಯಾರು ಅಂತಾರೆ, ಗೋಡೆನಾ?"

ಅವಳು ಸೂಜಿಗೆ ದಾರ ಪೋಣಿಸಿದಳು. ಮನೆತನದಲ್ಲಿ ಉಳಿದಿದ್ದ ಹಿರಿಯ ತಲೆ ಎಂದರೆ ಚಿಕ್ಕಮ್ಮ, ತೀರಿಹೋದ ತಾಯಿಯ ತಂಗಿ. ಅವಳನ್ನು ಕೇಳದೆ ಇಟ್ಟಿಗೆ ತರಿಸುವುದು ಸರಿಯಲ್ಲವೆಂದು ತಮ್ಮ ಅವಳನ್ನು ಕರೆಸಿದ.

ಚಿಕ್ಕಮ್ಮ ಗಿಡ್ಡ ಆಳು, ಗುಂಡು ಮೈ, ಬಾಯಲ್ಲಿ ಒಂದೂ ಹಲ್ಲಿಲ್ಲ. ಒಂದು ಕಾಲದಲ್ಲಿ ಮಕ್ಕಳು ಸೆಟ್ ಮಾಡಿಸಿದ್ದರು. ಅದರ ಕತೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು: "ಬಚ್ಚಲ ಕಟ್ಟೆ ಮೇಲಿಟ್ಟಿದ್ದೆ, ನಾಯಿ ಕಚ್ಕೊಂಡು ಹೋಯ್ತು. ಮಾರನೇ ದಿನ ತಂದು ಬಾಗಿಲಲ್ಲೇ ಹಾಕಿತ್ತು. ಅದಕ್ಕೂ ಸರಿಹೋಗಿರಲಿಲ್ಲ ಅನ್ಸತ್ತೆ."

ಬಂದವಳೇ ನಡೆಯ ಗೆರೆಯನ್ನು ಕೋಲಿನಿಂದ ತಟ್ಟಿ ನೋಡಿದಳು. "ಇಲ್ಲಾ ಗೋಡೆ ಬರೋದು?"

"ಹ್ಞೂ ಚಿಕ್ಕಮ್ಮ. ನೀನು ಸರಿ ಅಂದ್ರೆ" ಎಂದ ತಮ್ಮ.

"ಮೊದಲು ಊಟ ಹಾಕ್ರಪ್ಪ. ಖಾಲಿ ಹೊಟ್ಟೇಲಿ ಪಂಚಾಯ್ತಿ ಮಾಡಿದ್ರೆ ಎಲ್ಲ ತಪ್ಪೇ ಕಾಣತ್ತೆ."

ಮಧ್ಯಾಹ್ನದ ಊಟಕ್ಕೆ ನಾಲ್ವರೂ ಮೇಜಿನ ಸುತ್ತ ಕೂತರು. ಹಿರಿಯಳೆದುರು ಬಾರದಿರುವಂತಿಲ್ಲವಾಗಿ ದಾರದಕ್ಕನೂ ಬಂದಳು. ತಟ್ಟೆಯಲ್ಲಿ ಸ್ವಲ್ಪವೇ ಹಾಕಿಸಿಕೊಂಡು ಬೆರಳಾಡಿಸುತ್ತ ಕೂತಳು. ತಮ್ಮನ ಹೆಂಡತಿ ಆವತ್ತು ಅನ್ನವನ್ನು ವಿಶೇಷ ಕಾಳಜಿಯಿಂದ ಮಾಡಿದ್ದಳು. ಚಿಕ್ಕಮ್ಮ ಒಂದು ತುತ್ತು ಬಾಯಿಗಿಟ್ಟು ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿದಳು. ಬಹಳ ಹೊತ್ತು ಹೊರಳಿಸಿದಳು.

"ಏನೇ ಇದು, ಮಣಿ ಪೋಣಿಸಿದ ಹಾಗಿದೆ. ನೋಡೋಕೆ ಚೆಂದ. ನುಂಗೋಕೆ ನನ್ನ ಕೈಲಾಗಲ್ಲ ಕಣೇ." ತಟ್ಟೆ ಸರಿಸಿದಳು. "ಆ ಜಗಳದ ಡಬ್ಬಿ ಎಲ್ಲಿದೆ? ಅದರಲ್ಲೇನಾದ್ರೂ ಬೆಂದಿದೆಯಾ?"

ತಮ್ಮನ ಹೆಂಡತಿ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಕೈ ಕಟ್ಟಿಕೊಂಡಳು. ದಾರದಕ್ಕ ಎದ್ದು ಹೋದಳು. ಎಲ್ಲರ ಊಟ ಮುಗಿದ ಮೇಲೆ ಉಣ್ಣಲೆಂದು ಬೆಳಗ್ಗೆಯೇ ಬೇಯಿಸಿಟ್ಟದ್ದು ಇನ್ನೂ ಬೆಚ್ಚಗಿತ್ತು. ಕಪ್ಪು ಪಾತ್ರೆಯನ್ನೇ ಎತ್ತಿ ತಂದಳು. ಚಿಕ್ಕಮ್ಮ ಅದಕ್ಕೆ ಬೇಳೆಯ ತಿಳಿ ಸುರಿಸಿಕೊಂಡು ಒಂದು ತುತ್ತು ತಿಂದಳು, ಕಣ್ಣು ಮುಚ್ಚಿದಳು. ಆಮೇಲೆ ಪಾತ್ರೆಯ ತಳ ಕಾಣುವವರೆಗೆ ತಲೆ ಎತ್ತಲಿಲ್ಲ.

"ಮಗಾ," ಕೊನೆಗೆ ತಮ್ಮನ ಕಡೆ ತಿರುಗಿದಳು, "ನೀನು ಗೋಡೆ ಹಾಕು."

"ಏನಂದೆ?"

"ಹಾಕಪ್ಪ. ಒಳ್ಳೇ ಕೆಲಸ. ನಾನೂ ಇವಳ ಕಡೆಗೇ ಬಂದುಬಿಡ್ತೀನಿ. ನನ್ನ ಮಗನ ಮನೇಲೂ ಹೀಗೇ ಮಣಿಮಣಿ ಅನ್ನ, ನನ್ನ ಗೋಳು ಕೇಳೋರಿಲ್ಲ. ಇಬ್ಬರು ಮುದುಕೀರು, ಒಂದು ಡಬ್ಬಿ. ಹಾಯಾಗಿರ್ತೀವಿ. ಬಾಗಿಲು ಮಾತ್ರ ಸ್ವಲ್ಪ ಅಗಲ ಇಡಿಸು, ನಾನು ದಪ್ಪ."

ಯಾರೂ ನಗಲಿಲ್ಲ. ಬೇಡ ಎನ್ನಲಿ ಎಂದೇ ತಮ್ಮ ಚಿಕ್ಕಮ್ಮನನ್ನು ಕರೆಸಿದ್ದನೆಂಬುದು ಆಗ ಅವನ ಮುಖದಲ್ಲಿ ಕಂಡಿತು. ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. "ಆಯ್ತು ಚಿಕ್ಕಮ್ಮ. ನಾಳೆ ಇಟ್ಟಿಗೆ ಇಳಿಸೋಕೆ ಹೇಳ್ತೀನಿ." ಮಾತು ಸಹಜವಾಗಿಯೇ ಬಂತು. ಕೈ ತೊಳೆಯಲು ಹೋಗಬೇಕಾದವನು ನಲ್ಲಿಯ ಕಡೆ ಹೋಗದೆ ಬೀದಿ ಬಾಗಿಲ ಕಡೆ ನಡೆದ.

"ಕೂತ್ಕೊಳ್ಳೋ" ಎಂದಳು ದಾರದಕ್ಕ.

ಅವನು ನಿಂತ. ಅವಳು ಎರಡು ಬೆರಳು ಬಾಯಿಗಿಟ್ಟು ಸೆಟ್ಟನ್ನು ಹೊರಗೆಳೆದು ಮೇಜಿನ ಮೇಲಿಟ್ಟಳು. ಇಡುವ ರಭಸಕ್ಕೆ ಅಂಟಣ್ಣನ ಅಂಟು ಕೈಬಿಟ್ಟಿತು. ಎರಡು ಹೋಳು ಒಂದೊಂದು ಕಡೆಗೆ ವಾಲಿ ಅಲ್ಲಾಡಿ ನಿಂತವು, ಮುರಿದ ಅಂಚಿನುದ್ದಕ್ಕೂ ಹಳದಿ ಅಂಟು ಕಟ್ಟಿಕೊಂಡು. ಅವಳ ಮೇಲ್ದುಟಿ ಒಳಗೆ ಬಿತ್ತು. ಚಿಕ್ಕಮ್ಮನಿಗೂ ಅವಳಿಗೂ ಒಮ್ಮೆಲೇ ಹೋಲಿಕೆ ಕಂಡಿತು.

ತಮ್ಮ ವಾಪಸು ಬಂದ. ಎಡಗೈಯಲ್ಲಿ ಒಂದು ಹೋಳು ಎತ್ತಿ, ಮೀಟರಿನ ಅಂಕಿ ನೋಡುವಂತೆ ಬೆಳಕಿಗೆ ಹಿಡಿದ.

"ದಾರಾನಾ?"

"ಹ್ಞೂ."

"ಕತ್ತರಿ ಇರಲಿಲ್ವಾ?"

"ಇತ್ತು. ಎದುರಿಗೇ ಇತ್ತು."

"ಇದೇನು ಮೆತ್ತಿರೋದು?"

"ಬೆನ್ನಿನ ಅಂಟು."

"ಯಾರ ಬೆನ್ನು?"

"ಪುಸ್ತಕದ್ದು ಕಣೋ."

ತಮ್ಮನ ಹೆಂಡತಿಗೆ ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಹೋದಳು. ಒಳಗಿಂದ ನಗು ಕೇಳಿಸಿತು. ನಗುತ್ತಲೇ ಮೂಗು ಸೀಟಿದ್ದೂ ಕೇಳಿಸಿತು. ತಮ್ಮ ಮಾತ್ರ ನಗಲಿಲ್ಲ.

"ಇದಕ್ಕೋಸ್ಕರ ನನ್ನ ಕೈಯಲ್ಲಿ ಅಕ್ಕಿ ಪಾಲು ಮಾಡಿಸ್ದೆ ನೀನು" ಎಂದ. "ನಿನ್ನ ಬಾಗಿಲ ಮುಂದೆ ಚೀಲ ಇಟ್ಟು ಬಂದ ದಿನ ನಂಗೆ ಹೇಗಾಗಿತ್ತು ಗೊತ್ತಾ? ಹೇಳಿದ್ರೆ ಏನಾಗ್ತಿತ್ತು?"

"ಏನಾಗ್ತಿತ್ತು? ನೀನು ಇನ್ನೊಂದು ಮಾಡಿಸ್ತಿದ್ದೆ."

"ಹೌದು, ಮಾಡಿಸ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ತಮ್ಮ ಕೈಯಲ್ಲಿದ್ದ ಹೋಳನ್ನು ಇನ್ನೊಂದರ ಪಕ್ಕದಲ್ಲಿಟ್ಟ. ಚಿಕ್ಕಮ್ಮ ಒಬ್ಬರ ಮುಖ ಆದಮೇಲೆ ಇನ್ನೊಬ್ಬರ ಮುಖ ನೋಡಿದಳು.

"ಹಂಗಾದ್ರೆ ಗೋಡೆ ಇಲ್ವಾ?" ಅವಳ ಧ್ವನಿಯಲ್ಲಿ ನಿಜವಾದ ಬೇಸರವಿತ್ತು.

ಮಾರನೆಯ ದಿನ ತಮ್ಮ ಅಕ್ಕನನ್ನು ದವಾಖಾನೆಗೆ ಕರೆದೊಯ್ದ. ಹೊಸದು ಬೇಡ, ಇದನ್ನೇ ಸರಿಮಾಡಿಸು ಎಂಬ ಒಂದು ಮಾತಿಗೆ ಒಪ್ಪಿಸಿಯೇ ಅವಳು ಮನೆಯಿಂದ ಹೊರಟದ್ದು. ವೈದ್ಯರು ಹೋಳುಗಳನ್ನು ತಿರುಗಿಸಿ ನೋಡಿ, ಒಡೆದದ್ದು ಕೂಡಿಸುವುದಕ್ಕಿಂತ ಈ ಅಂಟು ಬಿಡಿಸುವುದೇ ದೊಡ್ಡ ಕೆಲಸ ಎಂದರು. ಸೆಟ್ ಕೈಗೆ ಬರಲು ಕೆಲವು ದಿನ ಬೇಕೆಂದರು. ಮುಂದಿನ ಮೇಜಿನಲ್ಲಿ ಚೀಟಿ ಕೊಡುವವಳು ಎಲ್ಲವನ್ನೂ ಕೇಳಿಸಿಕೊಂಡಳು. ಸಂಜೆಯ ಹೊತ್ತಿಗೆ ತರಕಾರಿಯವನಿಗೂ ಗೊತ್ತಾಗಿತ್ತು. ಬೈಂಡಿಂಗ್ ಕೋಣೆಯಲ್ಲಿ ಅಂಟಣ್ಣ ಕತ್ತರಿಯ ಹಿಡಿಗೆ ಮೇಣದ ದಾರ ಕಟ್ಟಿ ಅವಳ ಕೊರಳಿಗೆ ಹಾಕಿದ. ಹೊಲಿಗೆ ಮುಗಿದಾಗ ತಲೆ ಈಗಲೂ ತಾನಾಗಿ ಬಗ್ಗುತ್ತದೆ. ಎದೆಯ ಮೇಲೆ ಕತ್ತರಿ ತೂಗಾಡಿದಾಗ ನಿಲ್ಲುತ್ತದೆ.

ತಮ್ಮನ ಮುನಿಸು ಒಂದೇ ಸಲ ಇಳಿಯಲಿಲ್ಲ. ಮಾತಿಗೆ ಮಾತು ಕೊಡುತ್ತಿದ್ದ, ಹೆಚ್ಚಿಲ್ಲ. ನಡೆಯ ಗೆರೆಯನ್ನು ಯಾರೂ ಉಜ್ಜಿ ಅಳಿಸಲಿಲ್ಲ. ದಿನವೂ ನೆಲ ಒರೆಸುವಾಗ ತಾನಾಗಿ ಮಾಸುತ್ತ ಹೋಯಿತು. ಹಿಂದಿನ ಕೋಣೆಯ ಅಕ್ಕಿ ಚೀಲವನ್ನು ತಮ್ಮನ ಹೆಂಡತಿ ಹೇಳದೆ ಕೇಳದೆ ಎತ್ತಿಕೊಂಡು ಹೋಗಿ ಅಡುಗೆಮನೆಯ ಡಬ್ಬಕ್ಕೆ ಸುರಿದಳು. ಮರಳಿ ಬಂದು ಕುಕ್ಕರನ್ನೂ ಕಂಕುಳಲ್ಲಿ ಇರುಕಿಕೊಂಡು ಹೋದಳು. ಅಡುಗೆಮನೆಯ ಕಟ್ಟೆಯ ಮೇಲೆ ಪ್ಲಗ್ಗಿನ ಹತ್ತಿರ ಅದಕ್ಕೊಂದು ಜಾಗ ಮಾಡಿ, ಕೆಳಗೆ ಹಾಳೆ ಹಾಸಿದಳು.

ಆ ಸಂಜೆ ದಾರದಕ್ಕ ಕೆಲಸದಿಂದ ಬಂದ ಹೊತ್ತಿಗೆ ಅಡುಗೆಮನೆಯಿಂದ ಟಕ್, ಟಕ್, ಟಕ್ ಎಂದು ಕೇಳುತ್ತಿತ್ತು.

"ಅತ್ತಿಗೆ, ಇದು ನಿಲ್ತಾನೇ ಇಲ್ಲ ನೋಡಿ. ಒತ್ತಿದಷ್ಟೂ ಮೇಲೆ ಬರತ್ತೆ. ಕೆಟ್ಟೋಯ್ತಾ?"

"ಕೆಟ್ಟಿಲ್ಲ ಕಣೇ. ಕಾದಿದೆ. ನೀರು ಹಾಕಿದ್ಯಾ?"

"ಹಾಕಿದೆ. ಕುದಿಯೋ ನೀರೇ ಹಾಕಿದೆ."

"ತಣೀಲಿ ಬಿಡು ಸ್ವಲ್ಪ."

"ಎಷ್ಟು ಹೊತ್ತು?"

"ಅದರ ಮನಸ್ಸು."

ಇಬ್ಬರೂ ಕಟ್ಟೆಗೆ ಒರಗಿ ನಿಂತರು. ಗಾಜಿನ ಮುಚ್ಚಳದ ಒಳಗಿನಿಂದ ಹನಿಗಳು ಜಾರುತ್ತಿದ್ದವು. ಊಟದ ಮೇಜಿನ ಮೇಲೆ ಮೂರು ತಟ್ಟೆ ಆಗಲೇ ಇತ್ತು. ತಮ್ಮ ತನ್ನ ತಟ್ಟೆಯ ಮುಂದೆ ಕೂತು, ಬಡಿಸಿದ್ದ ಉದುರು ಅನ್ನವನ್ನು ಮುಟ್ಟದೆ, ಗೋಡೆಯ ಕಡೆ ನೋಡುತ್ತಿದ್ದ.

"ಆಯ್ತಾ?" ಅಲ್ಲಿಂದಲೇ ಕೇಳಿದ.

"ಇನ್ನೂ ಇಲ್ವೋ" ಎಂದಳು ದಾರದಕ್ಕ, ಬರಿ ಬಾಯಲ್ಲಿ. "ನೀನು ಶುರು ಮಾಡು."

"ಅದೂ ಆಗಲಿ. ಕಾಯ್ತೀನಿ."